ಹಾಸನದ ಡಯಾಲಿಸಿಸ್ ಸೆಂಟರ್: ಆರೈಕೆ ಚೆನ್ನಾಗಿದೆ, ಪಿಟಿಎಚ್ ಕಡೆ ಗಮನ ಸಾಲದು

ಅಪ್ಪನಿಗೆ ಡಯಾಲಿಸಿಸ್ ಆಗುವುದು ಹಾಸನದ ಒಂದು ಖಾಸಗಿ ಸೆಂಟರಿನಲ್ಲಿ, ಹೆಸರು ಬೇಡ. ಜಾಗ ಚೊಕ್ಕಟ. ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಜಾಗ) ಸೂಜಿ ಹಾಕುವ ಸಿಸ್ಟರ್‌ಗಳ ಕೈ ತುಂಬಾ ಹಗುರ. ಸಕಲೇಶಪುರ, ಬೇಲೂರು ಕಡೆಯಿಂದ ಬಸ್ಸಲ್ಲಿ ಬರುವವರಿಗೆ ಟೈಮ್ ಹೊಂದಿಸಿ ಕೊಡುತ್ತಾರೆ, ಅದು ದೊಡ್ಡ ಉಪಕಾರ.

ನನಗೆ ಬೇಜಾರಿರುವುದು ರಕ್ತ ಪರೀಕ್ಷೆ ವಿಷಯಕ್ಕೆ. ಹಿಮೋಗ್ಲೋಬಿನ್ ತಪ್ಪದೆ ನೋಡುತ್ತಾರೆ, ಆದರೆ ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ನಾವೇ ಕೇಳಿ ಮಾಡಿಸಬೇಕು. ಅಪ್ಪ ಮೈ ಕೆರೆತ, ಮೂಳೆ ನೋವು ಅಂತ ಹೇಳುತ್ತಲೇ ಇದ್ದರು. ಸೆಂಟರಿನವರು ‘ವಯಸ್ಸಾಯ್ತಲ್ವಾ’ ಅಂದುಬಿಟ್ಟರು. ಕಿಡ್ನಿ ಕೆಟ್ಟರೆ ಫಾಸ್ಫರಸ್ ಸರಿಯಾಗಿ ಹೊರಗೆ ಹೋಗುವುದಿಲ್ಲ, ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ಬರುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ಆಗ ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಜಾಸ್ತಿ ಮಾಡಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ. ಇಷ್ಟನ್ನು ಯಾರಾದರೂ ಕೂತು ಹೇಳಬಹುದಿತ್ತು, ಅಲ್ವಾ? ಡಯಾಲಿಸಿಸ್‌ನಲ್ಲಿ ಇರುವವರಿಗೆ ಕ್ಯಾಲ್ಸಿಯಂ, ಫಾಸ್ಫರಸ್ 1ರಿಂದ 3 ತಿಂಗಳಿಗೊಮ್ಮೆ, ಪಿಟಿಎಚ್ 3ರಿಂದ 6 ತಿಂಗಳಿಗೊಮ್ಮೆ ನೋಡಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ.

ಫಾಸ್ಫರಸ್ ಇಳಿಸಲು ಕೊಡುವ ಸೆವೆಲಮರ್ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಆಗಲೇ ಅದು ಅನ್ನದಲ್ಲಿರುವ ಫಾಸ್ಫರಸ್ ಹಿಡಿಯುವುದು. ಇದನ್ನು ನಮಗೆ ಹೇಳಿದ್ದು ಮೆಡಿಕಲ್ ಶಾಪಿನ ಹುಡುಗ! ಪಕ್ಕದ ಬೆಡ್ಡಿನವರೊಬ್ಬರು ಮೂಳೆ ನೋವಿಗೆ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ, ಕ್ಯಾಲ್ಸಿಯಂ ಜಾಸ್ತಿಯಾದರೆ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ, ಹೃದಯಕ್ಕೆ ತೊಂದರೆ.

ಸಿಸ್ಟರ್‌ಗಳಿಗೆ 5ಕ್ಕೆ 5. ಸೆಂಟರಿಗೆ 3. ಅಲ್ಲಿಗೆ ಸೇರುವವರು ಮೊದಲ ದಿನವೇ ಪಿಟಿಎಚ್ ಪರೀಕ್ಷೆ ಯಾವಾಗ ಅಂತ ಕೇಳಿ ಬರೆಸಿಕೊಳ್ಳಿ.