ಆರೂವರೆ ಸಾವಿರದ ಪಿಟೀಲು, ಒಂದು ಮಳೆಗಾಲ ಕಳೆದ ಮೇಲೆ

ಹೋದ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಒಂದು ವಯಲಿನ್ ತರಿಸಿದೆ. ಕಮಾನು, ಅದರ ಕೂದಲಿಗೆ ಉಜ್ಜುವ ರಾಸಿನ್ ಅನ್ನುವ ಅಂಟು, ಪೆಟ್ಟಿಗೆ ಎಲ್ಲ ಸೇರಿ 6,500 ರೂಪಾಯಿ. ನಾವಿರುವುದು ತೀರ್ಥಹಳ್ಳಿಯಲ್ಲಿ. ತರಿಸುವ ಮುಂಚೆ ಓದಿದ ರಿವ್ಯೂಗಳಲ್ಲಿ ಎಲ್ಲೂ ಮಳೆಯ ಸುದ್ದಿ ಇರಲಿಲ್ಲ. ಹಾಗಾಗಿ ನಾನೇ ಅಕ್ಟೋಬರ್ ತನಕ ಕಾದು ಬರೆಯುತ್ತಿದ್ದೇನೆ.

ಬಳಸುವವರು ಇಬ್ಬರು. ನಾನು ಭಾನುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತೇನೆ. ಒಂಬತ್ತನೇ ಕ್ಲಾಸಿನ ಮಗಳು ಫೋನ್ ನೋಡಿಕೊಂಡು ಐರಿಶ್ ಫಿಡ್ಲ್ ಕಲಿಯುತ್ತಾಳೆ. ಫಿಡ್ಲ್ ಅಂದರೆ ಬೇರೆಯೇ ವಾದ್ಯ ಅಂದುಕೊಂಡಿದ್ದೆ. ಅಲ್ಲ, ಇದೇ ವಯಲಿನ್, ನುಡಿಸುವ ರೀತಿ ಬೇರೆ ಅಷ್ಟೆ. ನಮ್ಮ ‘ಪಿಟೀಲು’ ಬಂದಿದ್ದೂ ಆ ಮಾತಿನಿಂದಲೇ. ಪಿಟೀಲು ಚೌಡಯ್ಯ ಅಂತ ಬಾಯ್ತುಂಬ ಹೇಳುತ್ತಿದ್ದೆವು, ತಲೆಗೆ ಹೋಗಿರಲಿಲ್ಲ ನೋಡಿ.

ಒಂದೇ ವಾದ್ಯ ಇಬ್ಬರಿಗೂ ಸಾಕು ಅಂತ ಲೆಕ್ಕ ಹಾಕಿದ್ದೆ. ಅಲ್ಲೇ ಎಡವಿದ್ದು. ಅವಳಿಗೆ ತಂತಿಗಳು ಪಾಶ್ಚಾತ್ಯ ಸ್ವರಗಳಾದ ಜಿ, ಡಿ, ಎ, ಇ ಆಗಿರಬೇಕು. ಪಕ್ಕಪಕ್ಕದ ಯಾವ ಎರಡು ತಂತಿ ಹಿಡಿದರೂ ಸ-ಪ ಅಂತರ. ನಮ್ಮದು ಸ-ಪ-ಸ-ಪ. ನಡುವಿನ ಎರಡು ತಂತಿಗಳಿಗೆ ಬಂದಾಗ ಅಂತರ ಸ-ಮದಷ್ಟೇ ಆಗುತ್ತದೆ, ಅವಳ ಬೆರಳಿನ ಲೆಕ್ಕ ಅಲ್ಲಿ ತಪ್ಪುತ್ತದೆ. ಜೊತೆಗೆ ನನ್ನ ಶ್ರುತಿ ಎರಡು ಮನೆ, ಅಂದರೆ ನನ್ನ ಸ ಅವಳ ಡಿ. ಅದಕ್ಕೆ ಇ ತಂತಿಯನ್ನು ಎ ತನಕ ಇಳಿಸಬೇಕು, ಸಂಜೆ ಅವಳು ಬಂದು ಮತ್ತೆ ಏರಿಸಬೇಕು. ಜೂನ್ ಒಂದೇ ತಿಂಗಳಲ್ಲಿ ಆ ತೆಳ್ಳನೆಯ ತಂತಿ ಎರಡು ಸಲ ಕಡಿಯಿತು. ಒಮ್ಮೆ ನನ್ನ ಕೆನ್ನೆಗೇ ಬಡಿಯಿತು.

ಆಮೇಲೆ ಇನ್ನೂ ದೊಡ್ಡ ಎಡವಟ್ಟು. ನಾಲ್ಕೂ ತಂತಿ ಒಟ್ಟಿಗೆ ಸಡಿಲ ಮಾಡಿಬಿಟ್ಟೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಬಿತ್ತು, ಹೊಟ್ಟೆಯೊಳಗೆ ಏನೋ ಟಕ್ ಅಂತ ಉರುಳಿತು. ಸೌಂಡ್ ಪೋಸ್ಟ್ ಅಂತೆ. ಒಳಗಿರುವ ಪುಟ್ಟ ಕಂಬ. ಅದಕ್ಕೆ ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಶಿವಮೊಗ್ಗದ ರಿಪೇರಿಯವರು ಸೊಟ್ಟ ಕಂಬಿಯೊಂದನ್ನು ಎಫ್ ಆಕಾರದ ಕಿಂಡಿಯೊಳಗೆ ತೂರಿಸಿ ಹತ್ತು ನಿಮಿಷದಲ್ಲಿ ನಿಲ್ಲಿಸಿದರು. ಕುದುರೆ ಎತ್ತರ ಜಾಸ್ತಿ ಇದೆ ಅಂತ ಅದನ್ನೂ ಉಜ್ಜಿದರು. ಎಲ್ಲ ಸೇರಿ 400 ರೂಪಾಯಿ. ಬೆರಳು ನೋಯುವುದು ನಿಂತಿದ್ದು ಆಮೇಲೆ. ಕಂಪನಿಯವರೇ ಇದನ್ನು ಮಾಡಿ ಕಳಿಸಬಹುದಿತ್ತು, ಅಲ್ವಾ?

ಜುಲೈನಲ್ಲಿ ತಂತಿ ಬಿಗಿ ಮಾಡುವ ಮರದ ಬಿರಡೆಗಳು ಉಬ್ಬಿ ಕಚ್ಚಿಕೊಂಡವು. ತಿರುಗಿಸಿದರೆ ಕಿರ್ ಅನ್ನುತ್ತವೆ, ಅಲುಗಾಡುವುದಿಲ್ಲ. ಒಣ ಸಾಬೂನು ಸವರಿದೆ, ಸರಿಹೋಯಿತು. ಕಮಾನಿನ ಕುದುರೆ ಕೂದಲು ಥಂಡಿಗೆ ಜೋತುಬಿತ್ತು. ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು. “ಒಲೆ ಮೇಲಿನ ಅಟ್ಟಕ್ಕೆ ಹಾಕು ಮಾರಾಯ್ತಿ, ಬೆಚ್ಚಗಿರುತ್ತೆ” ಅಂದರು ಅತ್ತೆ. ಅಡಿಕೆಗೆ ಸರಿ, ಇದಕ್ಕಲ್ಲ. ಬಿಸಿಗೆ ಅಂಟು ಬಿಟ್ಟರೆ ವಾದ್ಯವೇ ಬಾಯಿ ಬಿಡುತ್ತದೆ. ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟೆ, ವಾರಕ್ಕೊಮ್ಮೆ ಬದಲಾಯಿಸಿದೆ.

ನಾದದ ಬಗ್ಗೆ ಹೇಳುವುದಾದರೆ, ಮಗಳಿಗೆ ಇದು ಸಾಕು. ಜಿಗ್ ಅನ್ನುವ ಐರಿಶ್ ಕುಣಿತದ ಧಾಟಿಯ ನಡೆ ನಮ್ಮ ‘ತಕಿಟ ತಕಿಟ’ದಂತೆ ಓಡುತ್ತದೆ. ಪಿಟೀಲನ್ನು ಗಲ್ಲದಡಿ ಒತ್ತಿಕೊಂಡು ಚುರುಕಾಗಿ ಕಮಾನು ಆಡಿಸುತ್ತಾಳೆ, ಸ್ವಲ್ಪ ಒರಟಿದ್ದರೂ ಚೆಂದ. ನನ್ನದು ಹಾಗಲ್ಲ. ನೆಲದ ಮೇಲೆ ಕೂತು, ಪಿಟೀಲಿನ ತಲೆಯ ತುದಿಯನ್ನು ಬಲಗಾಲಿನ ಪಾದದ ಗಂಟಿಗೆ ಊರುತ್ತೇನೆ. ಎಡಗೈಗೆ ವಾದ್ಯ ಹಿಡಿಯುವ ಕೆಲಸವಿಲ್ಲ, ಗಮಕಕ್ಕೆ ಸಲೀಸಾಗಿ ಜಾರುತ್ತದೆ. ಆದರೆ ಇಳಿಸಿದ ಶ್ರುತಿಗೆ ಇದರ ತಂತಿಗಳು ಬಳಬಳ. ಮಾಯಾಮಾಳವಗೌಳ ರಾಗದ ಸರಳೆ, ಅಂದರೆ ಮೊದಲ ಪಾಠದ ಸ್ವರಗಳನ್ನು, ನುಡಿಸಿದರೆ ಮಂದ್ರದ ಷಡ್ಜ ನೆಗಡಿ ಹಿಡಿದಂತೆ ಕೇಳುತ್ತದೆ. ಬೇರೆ ತಂತಿ ಹಾಕಿದರೆ ಸುಧಾರಿಸುತ್ತದೆ ಅಂದರು ಮೇಷ್ಟ್ರು, ನಾನು ಹಾಕಿಲ್ಲ.

ಈಗ ಇದು ಮಗಳದ್ದೇ. ನಾನು ಮೇಷ್ಟ್ರ ಮನೆಯಲ್ಲಿದ್ದ ಹಳೆಯದೊಂದನ್ನು ಬಾಡಿಗೆಗೆ ತಂದಿದ್ದೇನೆ. ಒಂದೇ ಶೈಲಿ ಕಲಿಯುವವರು ಇದನ್ನು ಧೈರ್ಯವಾಗಿ ತಗೊಳ್ಳಿ, ರಿಪೇರಿಗೆ ಒಂದೈನೂರು ತೆಗೆದಿಡಿ. ಎರಡು ಶೈಲಿ ಅಂದರೆ ಎರಡು ಪಿಟೀಲು.

ಐದರಲ್ಲಿ ಮೂರೂವರೆ ಕೊಡುತ್ತಿದ್ದೆ. ನಿನ್ನೆ ಪೆಟ್ಟಿಗೆಯ ಜಿಪ್ ಕಿತ್ತುಬಂತು. ಮೂರು.