ಹಂಗರ್ ಗೇಮ್ಸ್: ಸುಝನ್ ಕಾಲಿನ್ಸ್ ಬರವಣಿಗೆಯ ಕಸುಬು

ಚೀಟಿ ಎತ್ತಿ ಆರಿಸಿದ ಮಕ್ಕಳು ಒಬ್ಬರೇ ಉಳಿಯುವವರೆಗೆ ಕಾದಾಡಬೇಕಾದ ಸ್ಪರ್ಧೆಯ ಕಥೆ ಇದು. 2008ರಲ್ಲಿ ಬಂದ ಈ ಕಾದಂಬರಿಯ ನಿಜವಾದ ಬಲ ಮಾತ್ರ ಕಥೆಗಿಂತ ನಿರೂಪಣೆಯಲ್ಲಿದೆ. ಇಡೀ ಪುಸ್ತಕ ಉತ್ತಮ ಪುರುಷದಲ್ಲಿ, ವರ್ತಮಾನಕಾಲದಲ್ಲಿದೆ. ಹಾಗಾಗಿ ಸ್ಪರ್ಧೆಗಿಳಿದ ಕಥಾನಾಯಕಿ ಕ್ಯಾಟ್ನಿಸ್ ಬದುಕುಳಿದು ಹಿಂದಿನದನ್ನು ನೆನೆಯುತ್ತಿದ್ದಾಳೆ ಎಂಬ ಭರವಸೆ ಓದುಗರಿಗೆ ಸಿಗುವುದೇ ಇಲ್ಲ. ಟಿವಿಗೆ ಬರೆದು ಪಳಗಿದ ಕೈ ಕಾಲಿನ್ಸ್ ಅವರದು. ಮೂರು ಭಾಗ, ಭಾಗಕ್ಕೆ ಒಂಬತ್ತು ಅಧ್ಯಾಯ. ಹೆಚ್ಚಿನವು ಹೊಸ ಆಪತ್ತಿನ ಅಂಚಿನಲ್ಲೇ ನಿಲ್ಲುತ್ತವೆ.

ಲೋಕವನ್ನು ಕಟ್ಟಿಕೊಡುವ ಬಗೆ ನೋಡಿ. ಬಡತನದ ಬಗ್ಗೆ ಭಾಷಣವಿಲ್ಲ, ಲೆಕ್ಕವಿದೆ. ಧಾನ್ಯ, ಎಣ್ಣೆ ಬೇಕಿದ್ದರೆ ಚೀಟಿಯಲ್ಲಿ ಹೆಸರು ಹೆಚ್ಚು ಸಲ ಸೇರಬೇಕು. 16ರ ಕ್ಯಾಟ್ನಿಸ್ ಹೆಸರು 20 ಸಲ, ಅವಳ ಗೆಳೆಯ, 18ರ ಗೇಲ್ ಹೆಸರು 42 ಸಲ. ವ್ಯವಸ್ಥೆಯ ಕ್ರೌರ್ಯ ಅಷ್ಟರಲ್ಲೇ ಅರ್ಥವಾಗುತ್ತದೆ.

ನನ್ನ ಪ್ರಕಾರ ಅತ್ಯುತ್ತಮ ಭಾಗ ಬಾಯಾರಿಕೆಯ ಸನ್ನಿವೇಶ. ನೀರು ಕಳಿಸು ಎಂದು ಕ್ಯಾಟ್ನಿಸ್ ಕೇಳಿದರೂ, ಹೊರಗಿನಿಂದ ನೆರವು ಕಳಿಸಬಲ್ಲ ಅವಳ ಮಾರ್ಗದರ್ಶಕ ಹೇಮಿಚ್ ಕಳಿಸುವುದಿಲ್ಲ. ಸಿಟ್ಟು, ಅನುಮಾನ, ಆಮೇಲೆ ತರ್ಕ: ನೀರು ಹತ್ತಿರದಲ್ಲೇ ಇರಬೇಕು! ಒಂದೂ ಸಂಭಾಷಣೆಯಿಲ್ಲದೆ ಇಬ್ಬರ ನಡುವೆ ಮಾತುಕತೆ ನಡೆದುಹೋಗುತ್ತದೆ.

ಇದೇ ತಂತ್ರಕ್ಕೆ ಬೆಲೆಯೂ ಇದೆ. ಕ್ಯಾಟ್ನಿಸ್ ಕಣ್ಣಿಗೆ ಬೀಳದ್ದು ನಮಗೂ ಕಾಣದು. ಹಾಗಾಗಿ 24 ಸ್ಪರ್ಧಿಗಳಲ್ಲಿ ಹಲವರಿಗೆ ಹೆಸರೂ ಇಲ್ಲ, ಅವರ ಸಾವು, ಯಾರಾದರೂ ಸತ್ತಾಗ ಹಾರಿಸುವ ತೋಪಿನ ಸದ್ದಾಗಿ ಮುಗಿಯುತ್ತದೆ. ಕೊನೆಯಲ್ಲಿ ಬರುವ ತೋಳದಂಥ ಮೃಗಗಳ ಹಿಂದಿನ ವಿಜ್ಞಾನವನ್ನೂ ಆಕೆ ಊಹಿಸುತ್ತಾಳಷ್ಟೆ. ವಿವರಣೆ ಬಯಸುವ ವೈಜ್ಞಾನಿಕ ಕಥೆಗಳ ಓದುಗರಿಗೆ ಇದು ಸಾಲದು. ವಾಕ್ಯಗಳು ಮಾತ್ರ ಚಿಕ್ಕವು, ಅಲಂಕಾರ ಕಡಿಮೆ. ಇಂಗ್ಲಿಷ್ ಕಾದಂಬರಿ ಓದಲು ಶುರುಮಾಡುವ ಹದಿಹರೆಯದವರಿಗೂ ಎಡವದೆ ಸಾಗುತ್ತದೆ.