ಹೊರಾಂಗಣಕ್ಕೆ ಯಾವ ಕಲ್ಲು: ಗ್ರಾನೈಟ್, ಅಮೃತಶಿಲೆ, ಮರಳುಗಲ್ಲು

ಮಳೆ-ಬಿಸಿಲಿಗೆ ಒಡ್ಡಿದ ಜಾಗಕ್ಕೆ ಕಲ್ಲು ಆರಿಸುವಾಗ ಗಟ್ಟಿತನಕ್ಕಿಂತ ಮೊದಲು ಅದರಲ್ಲಿರುವ ಖನಿಜ ಯಾವುದೆಂದು ನೋಡಿ.

ಬಾಳಿಕೆ: ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ; ಶುದ್ಧ ಮಳೆಯ ಪಿಎಚ್ (ಆಮ್ಲತೆಯ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ) ಕೂಡ ಸುಮಾರು 5.6. ಅಮೃತಶಿಲೆಯ ಕ್ಯಾಲ್ಸೈಟ್ (ಸುಣ್ಣದ ಖನಿಜ) ಕರಗಲು ಇಷ್ಟೇ ಸಾಕು. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕೆತ್ತಿದ ಅಕ್ಷರಗಳ ಅಂಚು ಸವೆಯುತ್ತದೆ. ಗಾಳಿಯಲ್ಲಿ ಗಂಧಕದ ಹೊಗೆಯಿದ್ದರೆ ಮೇಲ್ಮೈ ಜಿಪ್ಸಮ್ ಆಗಿ, ಮಳೆ ತೊಳೆಯದ ಮೂಲೆಗಳಲ್ಲಿ ಕಪ್ಪು ಪದರ ಕಟ್ಟಿ ಉದುರುತ್ತದೆ. ಗ್ರಾನೈಟ್‌ನ ಕ್ವಾರ್ಟ್ಜ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುವುದು ನಿಜ, ಆದರೆ ಬಹಳ ನಿಧಾನ. ಗ್ರಾನೈಟ್‌ನ ಕಪ್ಪು ಅಭ್ರಕದಲ್ಲಿರುವ ಕಬ್ಬಿಣ ಮಾತ್ರ ತುಕ್ಕಿನ ಕಲೆ ಬಿಡಬಹುದು.

ಮರಳುಗಲ್ಲಿನ ಹಣೆಬರಹ ಕಣಗಳಲ್ಲಿಲ್ಲ, ಅವನ್ನು ಹಿಡಿದಿಟ್ಟ ಅಂಟಿನಲ್ಲಿದೆ. ಸಿಲಿಕಾ (ಕ್ವಾರ್ಟ್ಜ್‌ನ ವಸ್ತುವೇ) ಅಂಟಾದರೆ ದೀರ್ಘಾಯುಷ್ಯ. ಕ್ಯಾಲ್ಸೈಟ್ ಆದರೆ ಅಂಟು ಕರಗಿ ಮರಳು ಉದುರುತ್ತದೆ. ಹೊಸದಾಗಿ ಒಡೆದ ಮುಖಕ್ಕೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಡಿ (ಕೈಗವಸು, ರಕ್ಷಣಾ ಕನ್ನಡಕ ಬೇಕೇ ಬೇಕು). ನೊರೆ ಬಂದರೆ ಕ್ಯಾಲ್ಸೈಟ್ ಇದೆ. ತುಂಡನ್ನು ಒಂದು ದಿನ ನೀರಿನಲ್ಲಿಡಿ: ಮೆತ್ತಗಾದರೆ ಅಂಟು ಜೇಡಿ, ಅಂಥದ್ದು ಹೊರಗೆ ಬೇಡವೇ ಬೇಡ.

ಕೆತ್ತನೆ: ಅಮೃತಶಿಲೆ ಸುಲಭ, ಗ್ರಾನೈಟ್ ಕಷ್ಟ.

ಶುಚಿ: ಅಮೃತಶಿಲೆಗೆ ವಿನಿಗರ್, ನಿಂಬೆರಸ ಯಾವುದೂ ಸಲ್ಲದು.

ಮೆಟ್ಟಿಲು, ನೀರು ನಿಲ್ಲುವ ನೆಲಕ್ಕೆ ಗ್ರಾನೈಟ್ ಒಪ್ಪುತ್ತದೆ. ಸೂರಿನಡಿಯ ಸೂಕ್ಷ್ಮ ಕೆತ್ತನೆಗೆ ಅಮೃತಶಿಲೆ. ಪರೀಕ್ಷೆಯಲ್ಲಿ ಗೆದ್ದ ಮರಳುಗಲ್ಲು ಗೋಡೆಗೆ ಚೆನ್ನ, ಆದರೆ ಪದರಗಳು ಅಡ್ಡಲಾಗಿಯೇ ಕೂರಬೇಕು. ನಿಲ್ಲಿಸಿ ಕಟ್ಟಿದರೆ ಸಿಪ್ಪೆಯಂತೆ ಸುಲಿಯುತ್ತದೆ.